ತಲೆದೆಸೆ

ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ದಾನೇಶ್ವರಿ ತೊಡೆಯ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನಾಲ್ಕು ಸಲ ತೆಗೆದು ನೋಡಿ ಮುಚ್ಚಿದ್ದಳು. ಊಟದ ಡಬ್ಬಿಯೇ, ಆದರೆ ಒಳಗಿದ್ದದ್ದು ಊಟವಲ್ಲ. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟ, ಅಂಗೈಗಿಂತ ಒಂದಿಷ್ಟು ದೊಡ್ಡದಾದ ಬೋರ್ಡು. ಮೋಟಾರನ್ನು ಬೇಕಾದಾಗ ಹಿಂದಕ್ಕೂ ಮುಂದಕ್ಕೂ ತಿರುಗಿಸಲೆಂದು ಅವಳೇ ಗೆರೆ ಎಳೆದು, ತೂತು ಕೊರೆದು, ಬೆಸುಗೆ ಹಾಕಿ ಮಾಡಿದ್ದು. ಕಳೆದ ಮೂರು ಭಾನುವಾರವೂ ಅದು ಚಾಮರಾಜನಗರದಿಂದ ಜೀವಂತವಾಗಿ ಹೊರಟು, ಗುಂಡ್ಲುಪೇಟೆಯಲ್ಲಿ ಸುಟ್ಟುಕೊಂಡು, ಸಂಜೆಯ ಬಸ್ಸಿಗೆ ಹೆಣವಾಗಿ ವಾಪಸು ಬಂದಿತ್ತು. ಲ್ಯಾಬಿನ ಮೇಜಿನ ಮೇಲಿಟ್ಟರೆ ಗಂಟೆಗಟ್ಟಲೆ ಓಡುತ್ತದೆ, ಬಿಸಿ ಕೂಡ ಆಗುವುದಿಲ್ಲ. ಅಲ್ಲಿಗೆ ಹೋದರೆ ನಾಲ್ಕು ಸಲ ಮೋಟಾರನ್ನು ಚೆನ್ನಾಗಿ ತಿರುಗಿಸಿ ಐದನೆಯದಕ್ಕೆ ಟಪ್ಪೆಂದು ಶಾರ್ಟ್ ಆಗುತ್ತದೆ. ಫ್ಯೂಸು ಹೋಗುತ್ತದೆ, ಫ್ಯೂಸಿಗಿಂತ ಮೊದಲೇ ಟ್ರಾನ್ಸಿಸ್ಟರು ಹೋಗಿರುತ್ತದೆ. ಇಪ್ಪತ್ತೆರಡು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಇದೇ ಕೆಲಸವನ್ನು ಮಕ್ಕಳಿಗೆ ಹೇಳಿಕೊಟ್ಟವಳು, ಒಂದು ಶಾರ್ಟು ಎಲ್ಲಿದೆ ಎಂದು ಕಂಡುಹಿಡಿಯಲಾರದೆ ವಾರವಾರವೂ ಮುಖ ಸಣ್ಣದು ಮಾಡಿಕೊಂಡು ಬಸ್ಸು ಹತ್ತುತ್ತಿದ್ದಳು. ಪಕ್ಕದಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ತಡೆಯಲಾರದೆ ಕೇಳಿದಳು: "ಏನವ್ವಾ ಅದು, ತೊಟ್ಲು ಕೂಸ್ನಂಗೆ ಗಳುಗೆಗೊಂದ್ಸಲ ನೋಡ್ತಿದ್ದೀಯಲ್ಲ?" ದಾನೇಶ್ವರಿ, "ಮಂಚದ್ದು ಕಣಮ್ಮ" ಎಂದಳು. ಹೆಂಗಸಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಅರ್ಥವಾದವರು ಮುಂದಿನ ಪ್ರಶ್ನೆ ಕೇಳುತ್ತಾರೆ.

ಮಂಚ ಅವ್ವನದು. ಅವ್ವ, ಪುಟ್ಟಮಲ್ಲಮ್ಮ, ದೊಡ್ಡ ಮೈಯ ಹೆಂಗಸು, ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ ಇದ್ದಳು. ಕಾಲೇಜಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದ ಗುಂಡ್ಲುಪೇಟೆಯ ಅಬ್ದುಲ್ ಜಬ್ಬಾರನಿಗೆ ಹೇಳಿ, ನಡುವಿನಲ್ಲಿ ಕೀಲು ಇರುವ ಕಬ್ಬಿಣದ ಮಂಚ ಮಾಡಿಸಿದ್ದು ದಾನೇಶ್ವರಿಯೇ. ಲಾರಿಯಿಂದ ಬಿಚ್ಚಿದ ವೈಪರ್ ಮೋಟಾರು ಮಂಚದ ಅಡಿಯಲ್ಲಿ ಉದ್ದನೆಯ ಸ್ಕ್ರೂ ರಾಡನ್ನು ತಿರುಗಿಸಬೇಕು, ರಾಡಿನ ಮೇಲಿನ ನಟ್ಟು ಮುಂದೆ ಸರಿದಂತೆ ತಲೆದೆಸೆಯ ಅರ್ಧ ಮೇಲೇಳಬೇಕು, ಸ್ವಿಚ್ಚು ಅವ್ವನ ಕೈಯಲ್ಲಿರಬೇಕು. ಜಬ್ಬಾರಣ್ಣ ಹೇಳಿದ ದಿನಕ್ಕೆ ಮಂಚ ತಂದು ಇಳಿಸಿದ. ಬೋರ್ಡು ಮಾತ್ರ ಆಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಇನ್ಸ್‌ಪೆಕ್ಷನ್ನು, ಬೆನ್ನುನೋವು. ಬರೋ ವಾರ ಮಾಡ್ತೀನಿ ಕಣವ್ವ. ಆ ಬರುವ ವಾರ ಎರಡು ವರ್ಷ ಬರುತ್ತಲೇ ಇತ್ತು. ಮೂರು ದಿಂಬು ಕೊಟ್ಟರೂ ಅವ್ವ ಜಾರಿ ಜಾರಿ ಕೆಳಗೆ ಬಂದು ಅಂಗಾತ ಮಲಗಿ ಮೇಲಿನ ತಾರಸಿಯನ್ನೇ ನೋಡುತ್ತಿದ್ದಳು. ಕಿಟಕಿ ತಲೆಯ ಪಕ್ಕದಲ್ಲೇ ಇತ್ತು, ಒಂದು ಮೊಳ ಮೇಲೆ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ "ಯಾರಮ್ಮೀ ಅದು?" ಎನ್ನುತ್ತಿದ್ದಳು. ಉತ್ತರ ಪತ್ರಿಕೆ ತಿದ್ದುತ್ತಲೋ, ಫೋನು ನೋಡುತ್ತಲೋ ಇರುತ್ತಿದ್ದ ದಾನೇಶ್ವರಿ ತಲೆಯೆತ್ತದೆ "ಯಾರೂ ಇಲ್ಲ ಕಣವ್ವ" ಎನ್ನುತ್ತಿದ್ದಳು. ಯಾರೋ ಇರುತ್ತಿದ್ದರು. ಕಿವಿಗೆ ಬಿದ್ದದ್ದನ್ನು ಅವ್ವ ಸುಳ್ಳೆಂದುಕೊಂಡು ಸುಮ್ಮನಾಗುತ್ತಿದ್ದಳು.

ಸತ್ತಾಗ ಅವ್ವನ ಲಿಂಗವನ್ನು ಅವ್ವನ ಎಡ ಅಂಗೈಯಲ್ಲಿಟ್ಟು ಅವಳೊಂದಿಗೇ ಮಣ್ಣಿಗೆ ಕೊಟ್ಟರು. ಅದನ್ನು ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಉಳಿಯಿತು. ಮೊಟ್ಟೆಯ ಗಾತ್ರದ್ದು, ದಪ್ಪನೆಯ ಬೆಳ್ಳಿ ಸರಪಣಿಯದು. ತಮ್ಮ ನಾಗೇಂದ್ರನ ಹೆಂಡತಿ ಗಂಗಾಂಬಿಕೆ, ಕುದೇರಿನಿಂದ ಬಂದಿದ್ದವಳು, "ಅದು ನಮ್ ಮಗೀಗೆ ಇರ್ಲಿ ಅಕ್ಕ, ಅಜ್ಜಿ ಗ್ಯಾಪಕ" ಎಂದಾಗ ದಾನೇಶ್ವರಿ ನೆಂಟರೆಲ್ಲರ ಎದುರಿಗೆ, "ಅವ್ವನ್ನ ನೋಡ್ಕೊಂಡೋಳು ನಾನು" ಎಂದುಬಿಟ್ಟಳು. ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದ ತನ್ನ ಲಿಂಗವನ್ನು ಅವತ್ತೇ ಆ ಕರಡಿಗೆಗೆ ಹಾಕಿ ಕೊರಳಿಗೆ ಹಾಕಿಕೊಂಡಳು. ಅವ್ವನ ಮೈಗೆ ಸರಿಯಾಗಿದ್ದ ಸರಪಣಿ ಅವಳಿಗೆ ಹೊಟ್ಟೆಯವರೆಗೆ ಇಳಿಯುತ್ತಿತ್ತು. "ಉದ್ದ ಆಯ್ತದೆ, ಒಂದೀಟು ತುಂಡು ಮಾಡುಸ್ಕಳಿ" ಎಂದಿದ್ದಳು ಗಂಗಾಂಬಿಕೆ. ಅವಳು ಹೇಳಿದಳೆಂಬ ಒಂದೇ ಕಾರಣಕ್ಕೆ ದಾನೇಶ್ವರಿ ಮಾಡಿಸಲಿಲ್ಲ. ನೋಡಿಕೊಂಡವಳು ನಾನು. ಎಷ್ಟು ನೋಡಿದೆ? ಬಸ್ಸಿನ ಕಿಟಕಿಯ ಆಚೆ ಚೆಂಡುಹೂವಿನ ಹೊಲಗಳು ಒಂದಾದ ಮೇಲೊಂದು ಹಿಂದಕ್ಕೆ ಸರಿಯುತ್ತಿದ್ದವು, ಅವಳು ಅವನ್ನೂ ನೋಡುತ್ತಿರಲಿಲ್ಲ.

ಅವ್ವ ಹೋದ ತಿಂಗಳಿಗೇ ಜಬ್ಬಾರಣ್ಣ ಬಿದ್ದ. ಹೃದಯ ಸೋತಿದೆ, ಚಪ್ಪಟೆ ಮಲಗಕೂಡದು, ಮಲಗಿದರೆ ಎದೆಯಲ್ಲಿ ನೀರು ತುಂಬುತ್ತದೆ, ತಲೆ ಮೇಲೆ ಇರಬೇಕು ಎಂದರು ಡಾಕ್ಟರು. ನೋಡಲು ಹೋದ ದಾನೇಶ್ವರಿ, ಅವನ ಹೆಂಡತಿ ವಾಜಿದಾ ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು ಇನ್ನೊಂದು ಕೈಯಿಂದ ಗಂಡನ ಕಂಕುಳಿಗೆ ಆನಿಕೆ ಕೊಟ್ಟು ಮೇಲೆಳೆಯುವುದನ್ನು ಕಂಡಳು. ದಿನಕ್ಕೆ ಎಂಟು ಸಲವಂತೆ, ಹತ್ತು ಸಲವಂತೆ. ಮಾರನೆಯ ದಿನವೇ ಮಂಚವನ್ನು ಗೂಡ್ಸ್ ಆಟೋದಲ್ಲಿ ಕಳಿಸಿದಳು. ಸತ್ತವರ ಮಂಚ ಎಂದು ಅವರೇನಾದರೂ ಅಂದುಕೊಂಡರೆ ಎಂಬ ಅಳುಕಿತ್ತು. ವಾಜಿದಾ, "ಮಾಡ್ದೋರ ಮನೇಗೇ ಬಂತು, ಬುಡಿ" ಎಂದಳು. ಬೋರ್ಡು ನಾನು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟದ್ದು ಆವಾಗ. ಈ ಸಲ ಬರೋ ವಾರ ಎನ್ನಲಿಲ್ಲ. ಮಾಡಿದಳು, ಮೂರು ಸಲ ಮಾಡಿದಳು, ಮೂರು ಸಲವೂ ಸುಟ್ಟಿತು. ಮೊನ್ನೆ ಬುಧವಾರ ಬೆಳಗಿನ ಜಾವ ಜಬ್ಬಾರಣ್ಣ ದಿಂಬಿನಿಂದ ಜಾರಿದ್ದು ಯಾರಿಗೂ ಗೊತ್ತಾಗದೆ, ತುಟಿ ನೀಲಿಗಟ್ಟಿ, ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರಂತೆ. ಇನ್ನೊಂದು ಸಲ ಹೀಗಾದರೆ ನನ್ನನ್ನು ಕೇಳಬೇಡಿ ಎಂದಿದ್ದರು ಡಾಕ್ಟರು. ಇವತ್ತಿನ ಬೋರ್ಡಿಗೆ ಹಾಕಿದ್ದದ್ದು ಅವಳ ಹತ್ತಿರವಿದ್ದ ಕೊನೆಯ ನಾಲ್ಕು ಟ್ರಾನ್ಸಿಸ್ಟರು. ಮೈಸೂರಿನ ಅಂಗಡಿಯವನು, ಆ ನಂಬರಿನದು ಇನ್ನು ಬರುವುದು ಮುಂದಿನ ತಿಂಗಳು ಎಂದಿದ್ದ.

ಇವತ್ತು ಆಗಲೇಬೇಕು. ಬಸ್ಸಿಳಿದು ನಡೆಯುವಾಗ ಆ ಮಾತನ್ನು ಹಲ್ಲಿನ ನಡುವೆ ಕಚ್ಚಿಕೊಂಡಿದ್ದಳು. ಆದರೆ ಅಂಗಡಿ ಹತ್ತಿರವಾದಂತೆ ಕಾಲು ತಾನಾಗಿಯೇ ನಿಧಾನವಾಯಿತು. ಹೋದ ಭಾನುವಾರ ಮೂರನೆಯ ಬೋರ್ಡು ಸುಟ್ಟಾಗ ಅವಳು ಜಬ್ಬಾರಣ್ಣನ ಮಗ ಆದಿಲ್‌ನನ್ನು ಬೈದಿದ್ದಳು. ಮೊದಲನೆಯ ಸಲ ಟ್ರಾನ್ಸಿಸ್ಟರು ಕಳಪೆ ಎಂದಿದ್ದಳು, ಎರಡನೆಯ ಸಲ ಬ್ಯಾಟರಿಯನ್ನು ದೂರಿದ್ದಳು, ಮೂರನೆಯ ಸಲಕ್ಕೆ ದೂರಲು ವಸ್ತುಗಳು ಮುಗಿದು ಮನುಷ್ಯರೇ ಉಳಿದಿದ್ದರು. ಮಂಚದ ಅಡಿಯ ವೈರುಗಳನ್ನೆಲ್ಲ ಎಳೆದವನು ಆದಿಲ್. ಎಲ್ಲೋ ಒಂದು ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಗುಲುತ್ತಿದೆ; ನನ್ನ ಮೇಜಿನ ಮೇಲೆ ಓಡುವುದು ನಿಮ್ಮ ಮನೆಯಲ್ಲಿ ಓಡದಿದ್ದರೆ ತಪ್ಪು ನಿಮ್ಮ ಮನೆಯದೇ. ಇಷ್ಟು ಹೇಳಿ ಬಿಡಬಹುದಿತ್ತು. "ಮೋಟಾರ್‌ಗೆ ತಂತಿ ಸುತ್ತೋಕೆ ಬರೋರಿಗೆಲ್ಲ ವೈರಿಂಗ್ ಬರುತ್ತೆ ಅಂದ್ಕೊಂಡಿದ್ದು ನನ್ನ ತಪ್ಪು" ಎಂದಳು. ಹಿಂದೆ ಮನೆ, ಮುಂದೆ ಅಂಗಡಿ. ಅಂಗಡಿಯಲ್ಲಿ ಪಂಪಿನ ಮೋಟಾರು ತಂದಿದ್ದ ಭೀಮನಬೀಡಿನ ಪುಟ್ಟರಾಜು ಎಲ್ಲವನ್ನೂ ಕೇಳಿಸಿಕೊಂಡ. ಆದಿಲ್ ಮೂವತ್ತು ದಾಟಿದ ಗಂಡಸು, ಊರಿನ ಅರ್ಧ ಬೋರ್‌ವೆಲ್ ಮೋಟಾರುಗಳು ಅವನ ಕೈಯಲ್ಲಿ ತಿರುಗುತ್ತಿದ್ದವು, ಗಿರಾಕಿಯ ಎದುರು ಮಸಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಆ ಒರೆಸಿಕೊಳ್ಳುವ ಕೈ ಅವಳಿಗೆ ವಾರವಿಡೀ ಕಾಣಿಸುತ್ತಿತ್ತು. ಆದರೂ ತಾನು ಹೇಳಿದ್ದು ಸರಿ ಎಂಬುದೂ ವಾರವಿಡೀ ಇತ್ತು.

ಪುಟ್ಟರಾಜು ಇವತ್ತೂ ಇದ್ದ. ರಿಪೇರಿಯಾದ ಮೋಟಾರಿನ ಮೇಲೆಯೇ ಕುಂಡಿಯೂರಿ ಕೂತು ಟೀ ಕುಡಿಯುತ್ತಿದ್ದವನು ಅವಳನ್ನು ಕಂಡು ಎದ್ದ. "ಬನ್ನಿ ಮೇಡಮ್ಮಾರೇ. ಇವತ್ತೂ ಪಟಾಕಿ ಅದಾ?" ಎಂದ. ಆದಿಲ್ ತಲೆಯೆತ್ತಿ, "ಬನ್ನಿ ಮೇಡಂ" ಎಂದ. ಹತ್ತು ವರ್ಷದಿಂದ ಅಕ್ಕಾ ಎನ್ನುತ್ತಿದ್ದವನು. ಅವಳು ಪುಟ್ಟರಾಜುವಿನ ಮಾತಿಗೆ ನಕ್ಕಂತೆ ಮಾಡಿ ಒಳಗೆ ಹೋದಳು.

ಒಳಕೋಣೆಯಲ್ಲಿ ಜಬ್ಬಾರಣ್ಣನನ್ನು ಮಂಚದಿಂದ ಇಳಿಸಿ ಎದುರಿನ ಗೋಡೆಗೆ ಒರಗಿಸಿ ತಗ್ಗು ಕುರ್ಚಿಯಲ್ಲಿ ಕೂರಿಸಿದ್ದರು. ಒಂದು ವಾರದಲ್ಲಿ ಕತ್ತಿನ ನರಗಳು ಇನ್ನಷ್ಟು ಎದ್ದಿದ್ದವು. "ಬುಧವಾರ ಭಯ ಆಗೋಯ್ತು" ಎಂದಳು ವಾಜಿದಾ. ದಾನೇಶ್ವರಿ ಚೂಡಿದಾರದ ದುಪಟ್ಟಾ ತೆಗೆದು ಗೂಟಕ್ಕೆ ಹಾಕಿದಳು. ಕೈಗಡಿಯಾರ ಬಿಚ್ಚಿದಳು, ಎರಡು ಬಳೆ ತೆಗೆದಳು, ಉಂಗುರ ಎಳೆದು ತೆಗೆದು ಎಲ್ಲವನ್ನೂ ಖಾಲಿ ಡಬ್ಬಿಗೆ ಹಾಕಿದಳು. ಅದು ಅವಳ ಲ್ಯಾಬಿನ ಕಾನೂನು. ಕರೆಂಟು ಹರಿಯುವ ಬೋರ್ಡಿನ ಹತ್ತಿರ ಮೈಮೇಲೆ ಲೋಹ ಇರಕೂಡದು. ವಾಚು, ಬಳೆ, ಉಂಗುರ, ಸರ, ಎಲ್ಲ ಟ್ರೇಗೆ ಎಂದು ಪ್ರತಿ ವರ್ಷದ ಮೊದಲ ಕ್ಲಾಸಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಒಬ್ಬ ಹುಡುಗಿ ಅಜ್ಜಿ ಕೊಟ್ಟ ಸರ, ತೆಗೆಯುವುದಿಲ್ಲ ಎಂದಾಗ ಅವಳನ್ನು ಹೊರಗೆ ನಿಲ್ಲಿಸಿದ್ದಳು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಬ್ಯಾಟರಿ ಬಿಚ್ಚಿಟ್ಟು, ಮೀಟರು ಹಿಡಿದು ಒಂದೊಂದೇ ವೈರನ್ನು ಮಂಚದ ಕಬ್ಬಿಣಕ್ಕೆ ಹಚ್ಚಿ ನೋಡಿದಳು. ಎಲ್ಲಾದರೂ ತಗುಲುತ್ತಿದ್ದರೆ ಮೀಟರು ಕೂಗಬೇಕಿತ್ತು. ಕೂಗಲಿಲ್ಲ. ಎರಡು ಸಲ ಸುತ್ತಿ ಬಂದಳು. ಆದಿಲ್ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಅವನ ವೈರಿಂಗು ಶುದ್ಧವಾಗಿತ್ತು. ಪ್ರತಿ ತಿರುವಿನಲ್ಲೂ ದಾರದಿಂದ ಕಟ್ಟಿ, ಕಬ್ಬಿಣ ಹಾಯುವಲ್ಲೆಲ್ಲ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದ. ಇದನ್ನು ಅವಳು ಹೋದ ವಾರವೂ ನೋಡಿದ್ದಳು. ನೋಡಿಯೂ ಆ ಮಾತು ಆಡಿದ್ದಳು.

ಬೋರ್ಡನ್ನು ಮಂಚದಡಿಯ ಪಟ್ಟಿಗೆ ಬಿಗಿದಳು. ಅದರ ಮೇಲೆ ಶಾಖ ಆರಲೆಂದು ನಿಲ್ಲಿಸಿದ್ದ ಎರಡು ಅಲ್ಯೂಮಿನಿಯಂ ತಗಡುಗಳು ಒಂದು ಬೆರಳಿನ ಅಂತರದಲ್ಲಿ ಬರಿಮೈಯಲ್ಲಿ ನಿಂತಿದ್ದವು. ಒಂದರಲ್ಲಿ ಬ್ಯಾಟರಿಯ ಪೂರ್ತಿ ಕರೆಂಟು, ಇನ್ನೊಂದರಲ್ಲಿ ಮೋಟಾರಿಗೆ ಹೋಗುವ ಕರೆಂಟು. ಮುಚ್ಚಳ ಆಮೇಲೆ ಮಾಡಿದರಾಯಿತು, ಮೊದಲು ಓಡಲಿ. ಫ್ಯೂಸನ್ನು ಕೈಯಲ್ಲಿ ಹಿಡಿದವಳು ಅದನ್ನು ಹಾಕದೆ ಹಾಗೇ ಕೂತಳು. ಇದನ್ನು ಹಾಕಿ ಸ್ವಿಚ್ಚು ಒತ್ತಿಸಿದರೆ ಮೂರು ವಾರ ಆದದ್ದೇ ಆಗುತ್ತದೆ. ಸುಡುವುದಕ್ಕೆ ಇನ್ನು ಸಾಮಾನಿಲ್ಲ. ಸುಡದೆಯೇ ತಪ್ಪು ತನ್ನ ಮುಖ ತೋರಿಸಬೇಕು. ಹೊರಳಿ ನೋಡಿದರೆ ಬಾಗಿಲಾಚೆ ಅಂಗಡಿಯ ಗೋಡೆಯ ಮೇಲೆ ಎರಡು ವೈರಿನ ತುದಿಗೆ ಕಟ್ಟಿದ ಲಾರಿಯ ಹೆಡ್‌ಲೈಟ್ ಬಲ್ಬು ನೇತಾಡುತ್ತಿತ್ತು. ಜಬ್ಬಾರಣ್ಣನ ಬಲ್ಬು. ಯಾವುದೋ ಕಾಲದಲ್ಲಿ ಅವನು ಲ್ಯಾಬಿಗೆ ಬಂದಾಗ ಹೇಳಿದ್ದ: ಫ್ಯೂಸಿನ ಜಾಗಕ್ಕೆ ಬಲ್ಬು ಹಾಕಿ ಮೇಡಂ, ಎಲ್ಲಾರ ಶಾರ್ಟ್ ಇದ್ರೆ ಬಲ್ಬೇ ಉರಿದು ಹೇಳ್ತದೆ, ಸಾಮಾನು ಸುಡಲ್ಲ. ಅವಳು ಆಗ, ನಮ್ಮಲ್ಲಿ ಮೀಟರ್ ಇದೆ ಜಬ್ಬಾರಣ್ಣ ಎಂದು ನಕ್ಕಿದ್ದಳು. ಆ ನಗು ಈಗ ನೆನಪಾಗಿ ಕಿವಿ ಬಿಸಿಯಾಯಿತು. "ಆದಿಲ್, ಆ ಬಲ್ಬು ಕೊಡಪ್ಪ" ಎಂದಳು. ಕುರ್ಚಿಯಲ್ಲಿದ್ದ ಜಬ್ಬಾರಣ್ಣ ಕಣ್ಣು ಬಿಟ್ಟು ನೋಡಿದ.

ಬಲ್ಬನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಿ, ಎಲ್ಲಿಂದ ನೋಡಿದರೂ ಕಾಣುವಂತೆ ಮಂಚದ ಕಾಲಿಗೆ ಕಟ್ಟಿದಳು. "ಒತ್ತಪ್ಪ" ಎಂದಳು. ಆದಿಲ್ ಸ್ವಿಚ್ಚು ಒತ್ತಿದ. ಬಲ್ಬಿನ ತಂತಿ ಮಂದವಾಗಿ ಕೆಂಪಾಯಿತು, ಮೋಟಾರು ಸೋಮಾರಿಯಂತೆ ತಿರುಗತೊಡಗಿತು. ಸರಿಯಾಗಿದೆ. ಅವಳು ಸ್ಪ್ಯಾನರಿನಿಂದ ಮಂಚದ ಕಾಲಿಗೆ ಬಡಿದಳು. ವೈರುಗಳನ್ನು ಹಿಡಿದು ಅಲ್ಲಾಡಿಸಿದಳು, ತಲೆದೆಸೆಯ ಚೌಕಟ್ಟನ್ನು ಎತ್ತಿ ಕುಕ್ಕಿದಳು. ಬಡಿದಾಗಲೆಲ್ಲ ಬಲ್ಬು ಉರಿಯಲಿ ಎಂದು ತನ್ನ ಮನಸ್ಸು ಹಾರೈಸುತ್ತಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಉರಿದರೆ ತಪ್ಪು ಆದಿಲ್‌ನದು, ಹೋದ ವಾರದ ಮಾತು ನಿಜವಾಗಿ ನಿಲ್ಲುತ್ತದೆ. ಜಬ್ಬಾರಣ್ಣನ ಉಸಿರಿಗಿಂತ ತನ್ನ ಮಾತು ದೊಡ್ಡದಾಯಿತೇ? ಬಲ್ಬು ಮಂದವಾಗಿಯೇ ಇತ್ತು. ಅವಳು ಮೂರು ವಾರವೂ ಏನೇನು ಮಾಡಿದ್ದಳೋ ಅದನ್ನೆಲ್ಲ ಅದೇ ಕ್ರಮದಲ್ಲಿ ಮಾಡತೊಡಗಿದಳು. ಮಂಡಿಯೂರಿದಳು. ಬೋರ್ಡಿನ ಆಚೆ ಕಡೆ ಸ್ಕ್ರೂ ರಾಡಿನ ಮೇಲೆ ನಟ್ಟು ಸರಿಯಾಗಿ ಸರಿಯುತ್ತಿದೆಯೇ ಎಂದು ನೋಡಲು ಎಡಗೈ ಊರಿ ಬೋರ್ಡಿನ ಮೇಲೆ ಹಾದು ಮುಂದಕ್ಕೆ ಬಗ್ಗಿದಳು.

ಕೋಣೆ ಬೆಳಗಿತು. ಬಲ್ಬು ಕಣ್ಣು ಕೋರೈಸುವಂತೆ ಉರಿಯಿತು, ಮೋಟಾರು ನಿಂತಿತು. ಅವಳು ಬೆಚ್ಚಿ ಎದ್ದು ಕೂತಳು. ಬಲ್ಬು ಮಂದವಾಯಿತು, ಮೋಟಾರು ಮತ್ತೆ ತಿರುಗಿತು. "ಅಗಳಪ್ಪ!" ಎಂದ ಪುಟ್ಟರಾಜು, ಟೀ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದ. ಅವಳು ಮತ್ತೆ ಬಗ್ಗಿದಳು. ಬಲ್ಬು ಉರಿಯಿತು. ಎದ್ದಳು. ಆರಿತು. ಮೂರನೆಯ ಸಲವೂ ಹಾಗೆಯೇ. "ಮೇಡಮ್ಮಾರು ಬಗ್ಗುದ್ರೆ ಉರೀತದೆ, ಎದ್ರೆ ಆರ್ತದೆ! ಏನ್ಲಾ ಆದಿಲು ಇದು ಮಾಯ?" ಎಂದ ಪುಟ್ಟರಾಜು. ಅವಳು ನಾಲ್ಕನೆಯ ಸಲ ಬಗ್ಗಿ, ನಟ್ಟಿನ ಕಡೆ ನೋಡುವ ಬದಲು ಗಲ್ಲವನ್ನು ಎದೆಗೊತ್ತಿ ತನ್ನ ಕೆಳಗನ್ನೇ ನೋಡಿಕೊಂಡಳು. ಅಂಗಿಯ ಕೊರಳಿನಿಂದ ಜಾರಿ ಹೊರಬಿದ್ದ ಅವ್ವನ ಕರಡಿಗೆ, ಉದ್ದನೆಯ ಸರಪಣಿಯ ತುದಿಯಲ್ಲಿ, ಎರಡು ತಗಡುಗಳ ನಡುವೆ ಅಳತೆ ಮಾಡಿ ಕೂರಿಸಿದಂತೆ ಕೂತಿತ್ತು.

ಎದ್ದು ಕೂತು ಅದನ್ನು ಅಂಗೈಗೆ ತೆಗೆದುಕೊಂಡಳು. ಬೆಚ್ಚಗಿತ್ತು. ತಿರುಗಿಸಿದರೆ ತಳದಲ್ಲಿ ಕಪ್ಪು ಚುಕ್ಕೆಗಳು. ಬೆಳ್ಳಿ ಕರಗಿ ಗುಳಿಬಿದ್ದ, ಉಗುರಿಗೆ ತಡೆಯುವ ಚುಕ್ಕೆಗಳು, ಜೋಡಿ ಜೋಡಿಯಾಗಿ, ಮೂರು ಜೋಡಿ. ಮೂರು ಭಾನುವಾರ. ಲ್ಯಾಬಿನಲ್ಲಿ ಬಿಳಿ ಕೋಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿರುತ್ತಿದ್ದಳು, ಅದು ಹೊರಗೆ ಬರುತ್ತಲೇ ಇರಲಿಲ್ಲ. ಇಲ್ಲಿ ಟಪ್ಪೆಂದಾಗಲೆಲ್ಲ ಹೌಹಾರಿ ಹಿಂದಕ್ಕೆ ಜಿಗಿದಿದ್ದಳು, ಅದು ತಾನಾಗಿ ಮಡಿಲಿಗೆ ಬಿದ್ದಿತ್ತು. ಪ್ರತಿ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅವಸರದಲ್ಲಿ ಕಣ್ಣಿಗೊತ್ತಿಕೊಂಡದ್ದೇ ಹೊರತು ಒಂದು ದಿನ ತಳ ತಿರುಗಿಸಿ ನೋಡಿರಲಿಲ್ಲ. ವಾಚು, ಬಳೆ, ಉಂಗುರ, ಸರ. ಸರ ಎಂದು ತಾನೇ ಕೂಗುತ್ತಿದ್ದವಳಿಗೆ ಇದೂ ಒಂದು ಸರ ಎಂದು ಹೊಳೆದೇ ಇರಲಿಲ್ಲ. ಬಿಚ್ಚಿಡುವ ವಸ್ತುಗಳ ಲೆಕ್ಕಕ್ಕೆ ಇದು ಬರುವುದೇ ಇಲ್ಲ. ಲಿಂಗ ಮೈಮೇಲಿನ ಒಡವೆಯಲ್ಲ, ಮೈಯೇ ಎಂದು ತನಗೆ ಎಂಟನೆಯ ವಯಸ್ಸಿನಲ್ಲಿ ಲಿಂಗದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದನ್ನು ಅವಳು ಪಾಲಿಸಿದಳೋ ಬಿಟ್ಟಳೋ, ನಂಬಿಯಂತೂ ಇದ್ದಳು. ಆದರೆ ಬೆಳ್ಳಿಗೆ ಅದು ಗೊತ್ತಿಲ್ಲ. ಬೆಳ್ಳಿ ಬೆಳ್ಳಿಯ ಕೆಲಸ ಮಾಡಿತು.

ನಾಲ್ಕು ಜನ ಅವಳನ್ನೇ ನೋಡುತ್ತಿದ್ದರು. ಅವಳ ಬೆನ್ನು ಬಾಗಿಲಿನ ಕಡೆಗಿತ್ತು. ಆದಿಲ್‌ಗೂ ಪುಟ್ಟರಾಜುವಿಗೂ ಅವಳ ಕೈಯಲ್ಲಿದ್ದದ್ದು ಕಾಣುವಂತಿರಲಿಲ್ಲ. ಕರಡಿಗೆಯನ್ನು ಅಂಗಿಯೊಳಕ್ಕೆ ಸೇರಿಸಿ, ಒಂದು ಸ್ಕ್ರೂ ಸಡಿಲವಿತ್ತು, ಸಿಕ್ಕಿತು ಎಂದರೆ ಮುಗಿಯಿತು. ಮಂಚ ಏಳುತ್ತದೆ, ಜಬ್ಬಾರಣ್ಣ ಉಸಿರಾಡುತ್ತಾನೆ, ಯಾರಿಗೂ ನಷ್ಟವಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸರಾಗವಾಗಿ ಬಂದಿತ್ತು, ತುಂಬ ಪಳಗಿದ ಮಾತಿನಂತೆ. ಯಾರೂ ಇಲ್ಲ ಕಣವ್ವ. ಅದೇ ದನಿ. ಅದೇ ಸಲೀಸು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಎದ್ದು ನಿಂತು, ಬಾಗಿಲ ಕಡೆ ತಿರುಗಿ, ಕರಡಿಗೆಯನ್ನು ಅಂಗೈಯಲ್ಲಿ ಕಾಣುವಂತೆ ಹಿಡಿದಳು.

"ಆದಿಲ್, ತಪ್ಪು ನಿನ್ನ ವೈರಿಂಗ್‌ದಲ್ಲ. ನಾನು ಬಗ್ಗಿದಾಗ ಇದು ಆ ತಗಡುಗಳಿಗೆ ತಗುಲ್ತಾ ಇತ್ತು. ಮೂರು ಸಲಾನೂ ಸುಟ್ಟಿದ್ದು ನಾನೇ" ಎಂದಳು. "ಪುಟ್ಟರಾಜಣ್ಣ, ಹೋದ ವಾರ ನಿಮ್ಮೆದುರಿಗೇ ಇವನಿಗೆ ಅಂದೆ. ಇದನ್ನೂ ನೀವು ಕೇಳಿಸ್ಕೊಳ್ಳಿ. ಇವನ ಥರದ ವೈರಿಂಗ್ ನನ್ನ ಲ್ಯಾಬಿನಲ್ಲೂ ಇಲ್ಲ, ಅಷ್ಟು ಚೆನ್ನಾಗಿದೆ."

ಪುಟ್ಟರಾಜು ಟೀ ಲೋಟ ನೋಡಿಕೊಂಡ. ಲಿಂಗವಂತರ ಮನೆಯವನೇ, ಅವನ ಕೈ ತಾನಾಗಿ ತನ್ನ ಅಂಗಿಯ ಮೇಲೆ ಎದೆಗೆ ಹೋಗಿ, ಅಲ್ಲಿದ್ದದ್ದನ್ನು ಒಮ್ಮೆ ಮುಟ್ಟಿ ಕೆಳಗಿಳಿಯಿತು. "ನಮ್ಗೂ ಹೊಳೀತಿರ್ನಿಲ್ಲ ಬುಡಿ ಮೇಡಮ್ಮ" ಎಂದ.

ಆಗ ಕುರ್ಚಿಯಿಂದ ಜಬ್ಬಾರಣ್ಣ ಮಾತಾಡಿದ. ಎರಡೆರಡು ಮಾತಿಗೆ ಒಂದು ಉಸಿರು. "ನಾನು ಕಂಡಿದ್ದೆ. ಎರಡ್ನೇ ಭಾನುವಾರನೇ. ಇಲ್ಲಿ ಕುಂತ್ರೆ... ನೇರ ಕಾಣ್ತದೆ."

"ಕಂಡಿದ್ರಾ?" ಎಂದಳು ದಾನೇಶ್ವರಿ.

"ನಿಮ್ ದೇವ್ರು ಮೇಡಂ ಅದು. ನಿಮ್ ದೇವ್ರು ತಗುಲಿ ಸುಡ್ತು ಅಂತ... ಹೆಂಗೆ ಹೇಳನ? ನಮ್ಮಂತೋರು ಹೇಳೋ ಮಾತಾ? ನೀವೇ ಕಾಣ್ತೀರಿ ಅಂತ ಕಾದೆ."

"ನಂಗೂ ಒಂದ್ ಮಾತು ಹೇಳ್ನಿಲ್ಲ ನೋಡಿ ಇವ್ರು" ಎಂದಳು ವಾಜಿದಾ.

ಆದಿಲ್‌ನ ಮುಖ ಕೆಂಪಾಯಿತು. "ಅಬ್ಬಾಜಾನ್, ನೀವು ಕಂಡಿದ್ರಿ. ನಾನು ಬೈಸ್ಕೊಂಡು ನಿಂತಿದ್ದೆ!" ಎಂದ. ಮಗ ಸರ್ರನೆ ತಿರುಗಿ ಅಂಗಡಿಗೆ ಹೋದ. ಅವಳ ದೇವರಿಗೆ ನೋವಾಗದಿರಲೆಂದು ಈ ಮನುಷ್ಯ ತನ್ನ ಉಸಿರನ್ನೂ ಮಗನ ಮಾನವನ್ನೂ ಎರಡು ವಾರ ಪಣಕ್ಕಿಟ್ಟು ಬಾಯಿ ಮುಚ್ಚಿಕೊಂಡಿದ್ದ. ಬುಧವಾರ ತುಟಿ ನೀಲಿಗಟ್ಟಿದಾಗಲೂ ಅವನಿಗೆ ಗೊತ್ತಿತ್ತು. ಅಂಥ ಮರ್ಯಾದೆಗೆ ತಾನು ತಕ್ಕವಳಲ್ಲ ಎಂದು ಅವಳಿಗೆ ಅನ್ನಿಸಿತು. ಅಳುವುದಕ್ಕೆ ಇದು ಹೊತ್ತಲ್ಲ ಎಂದುಕೊಂಡು ಬಲ್ಬು ಬಿಚ್ಚತೊಡಗಿದಳು.

ಆದಿಲ್ ಮುನಿಸಿಕೊಂಡು ಹೋದನೆಂದುಕೊಂಡಿದ್ದರೆ, ಮೋಟಾರಿನ ಸಂದುಗಳಲ್ಲಿ ತಂತಿಯ ಕೆಳಗೆ ಹಾಸುವ ದಪ್ಪ ಕಾಗದದ ಒಂದು ಹಾಳೆಯನ್ನೂ ಕತ್ತರಿಯನ್ನೂ ಹಿಡಿದು ವಾಪಸು ಬಂದ. ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಳತೆಪಟ್ಟಿಯಿಲ್ಲದೆ, ಬೆರಳಿನಲ್ಲೇ ಅಳೆದು ಕತ್ತರಿಸಿ ಮಡಚಿ, ಗಾಳಿಗೆ ಮೇಲೆ ಬಾಯಿ ಬಿಟ್ಟು, ಎರಡೂ ತಗಡುಗಳಿಗೆ ಗೂಡಿನಂಥ ಮುಚ್ಚಳ ಮಾಡಿ ದಾರದಲ್ಲಿ ಕಟ್ಟಿದ. "ಮುಚ್ಚಳ ಇಲ್ದಂಗೆ ಇಟ್ಟಿದ್ದೇ ತಪ್ಪು ಮೇಡಂ. ಕರಡಿಗೆ ಅಲ್ದೆ ಇದ್ರೆ ಇಲಿ ಬರ್ತಿತ್ತು" ಎಂದ. ಅವಳ ಮುಖ ನೋಡದೆ ಹೇಳಿದ. ಮೇಡಂ ಎಂದೇ ಅಂದ. ಅದು ಅಕ್ಕ ಆಗಲು ಇನ್ನೂ ಎಷ್ಟು ಭಾನುವಾರ ಬೇಕೋ, ಅವಳು ಲೆಕ್ಕ ಹಾಕಲು ಹೋಗಲಿಲ್ಲ. ವಾಜಿದಾ ತನ್ನ ದುಪಟ್ಟಾದ ಪಿನ್ನು ತೆಗೆದು ಅವಳ ಮುಂದೆ ಹಿಡಿದಳು. ದಾನೇಶ್ವರಿ ಸರಪಣಿಯನ್ನು ಎರಡು ಮಡಿಕೆ ಮಾಡಿ, ಕರಡಿಗೆಯನ್ನು ಎದೆಗೆ ಸರಿಸಿ, ಅಂಗಿಯ ಒಳಗಡೆಗೆ ಪಿನ್ನು ಹಾಕಿಕೊಂಡಳು. ಸರಪಣಿ ತುಂಡು ಮಾಡಿಸಬೇಕು. ಮಾಡಿಸಿದ ಮೇಲೆ ಗಂಗಾಂಬಿಕೆಗೆ ಫೋನು ಮಾಡಿ, ನೀನು ಹೇಳಿದ್ದು ಸರಿ ಕಣಮ್ಮ ಎನ್ನಬೇಕು.

ಜಬ್ಬಾರಣ್ಣನನ್ನು ಆದಿಲ್, ಪುಟ್ಟರಾಜು ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಚಪ್ಪಟೆ ಮಲಗಿದ ಕೂಡಲೇ ಉಸಿರು ಗೊರಗೊರ ಎಂದಿತು, ಕಣ್ಣುಗಳು ತಾರಸಿಗೆ ಅಂಟಿಕೊಂಡವು. ಅವಳು ಫ್ಯೂಸು ಹಾಕಿದಳು. ಕೊನೆಯ ಫ್ಯೂಸು, ಕೊನೆಯ ನಾಲ್ಕು ಟ್ರಾನ್ಸಿಸ್ಟರು. ಸ್ವಿಚ್ಚನ್ನು ಅವನ ಕೈಯಲ್ಲೇ ಇಟ್ಟು, "ನೀವೇ ಒತ್ತಿ ಜಬ್ಬಾರಣ್ಣ" ಎಂದು ನೆಲಕ್ಕೆ ಕೂತು, ಬೋರ್ಡಿನ ಮೇಲೆ ಹಾದು ಮೂರು ವಾರ ಬಗ್ಗಿದಂತೆಯೇ ಬಗ್ಗಿ ನಟ್ಟಿಗೆ ಕಣ್ಣು ನೆಟ್ಟಳು. ಮೋಟಾರು ಗುರ್ರೆಂದಿತು. ರಾಡು ತಿರುಗಿತು, ನಟ್ಟು ಒಂದು ಎಳೆ ಸರಿಯಿತು, ಇನ್ನೊಂದು ಎಳೆ. ಟಪ್ಪೆನ್ನಲಿಲ್ಲ. ಅವಳ ತಲೆಯ ಮೇಲೆ ಕಬ್ಬಿಣದ ಕೀಲು ನರಳಿ, ಅವ್ವನ ತಲೆದೆಸೆ ಒಂದು ಗೇಣು ಮೇಲೆದ್ದಿತು. ಎರಡು ಗೇಣು. ಇಷ್ಟೇ ಕೆಲಸ. ಒಂದು ಭಾನುವಾರದ ಕೆಲಸ. ಎರಡು ವರ್ಷದಲ್ಲಿ ಎಷ್ಟು ಭಾನುವಾರಗಳಿದ್ದವು.

"ಸಾಕಾ?" ಎಂದು ವಾಜಿದಾ ಕೇಳುತ್ತಿದ್ದಳು. "ಇನ್ನೊಂಚೂರು" ಎಂದ ಜಬ್ಬಾರಣ್ಣ. ಮೋಟಾರು ನಿಂತಾಗ ಅವನ ಉಸಿರು ಕೇಳಿಸಿತು, ಗೊರಗೊರ ಇಲ್ಲದ ಉದ್ದನೆಯ ಉಸಿರು. ಅವನ ಮುಖ ಕಿಟಕಿಯ ಸಮಕ್ಕೆ ಬಂದಿತ್ತು, ಅವನು ಹೊರಗೆ ನೋಡುತ್ತಿದ್ದ. ಬೀದಿಯಲ್ಲಿ ಸೈಕಲ್ಲಿನ ಚೈನು ಕಟಕಟ ಎನ್ನುವುದು ಕೇಳಿಸಿತು. ದಾನೇಶ್ವರಿ ಇನ್ನೂ ಮಂಚದ ಕೆಳಗೆ, ನೆಲದ ಮೇಲೆಯೇ ಇದ್ದಳು. ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಕಿಟಕಿಯ ಮೇಲಿನ ಒಂದು ಸರಳು, ಒಂದು ತುಂಡು ಬಿಸಿಲು.

"ಯಾರಣ್ಣ ಅದು?" ಎಂದಳು.

ಜಬ್ಬಾರಣ್ಣ ಕತ್ತು ಹೊರಳಿಸಿ ಚೆನ್ನಾಗಿ ನೋಡಿದ. "ಚಿಕ್ಕಮಾದು. ಹಾಲಿನ ಕ್ಯಾನು ಕಟ್ಕಂಡು ಡೈರಿಗೆ ಹೋಯ್ತಾವ್ನೆ. ಹಿಂದ್ಗಡೆ ಮಗಳು ಕುಂತವ್ಳೆ, ಕೈಲಿ ಬಲೂನು."

"ಅವರ ಹಿಂದೆ?" ಎಂದು ಕೇಳಿದಳು.